ಯಾರಿಂದ, ಯಾರಿಗಾಗಿ? : 'ರಿಸರ್ವ್' ಪದದ ಅರ್ಥಚರಿತ್ರೆ ಮತ್ತು ಕನ್ನಡದ 'ಮೀಸಲು'

೧

ಒಂದು ಭಾಷೆಯ ಪದ ಇನ್ನೊಂದು ಭಾಷೆಗೆ ಬರುವಾಗ ತನ್ನ ಅರ್ಥಗಳನ್ನೆಲ್ಲ ಹೊತ್ತು ತರುವುದಿಲ್ಲ. ಬರಮಾಡಿಕೊಳ್ಳುವ ಭಾಷೆಯ ಪದಗಳೂ ಬರಿಗೈಯಲ್ಲಿ ಅದನ್ನು ಎದುರುಗೊಳ್ಳುವುದಿಲ್ಲ. ಅವುಗಳಿಗೆ ತಮ್ಮದೇ ಆದ ನೆನಪು, ನಂಟು, ನಿಷೇಧಗಳಿರುತ್ತವೆ. ಇವೆರಡರ ನಡುವಿನ ಕೊಡುಕೊಳೆಯಲ್ಲಿ ಏನು ಉಳಿಯಿತು, ಏನು ಸೋರಿತು, ಹೊಸದಾಗಿ ಏನು ಸೇರಿತು ಎಂಬುದನ್ನು ಪರಿಶೀಲಿಸುವುದು ಅರ್ಥವಿಮರ್ಶೆಯ ಕೆಲಸ. ಪ್ರಸ್ತುತ ಲೇಖನದಲ್ಲಿ ಇಂಗ್ಲಿಷಿನ 'ರಿಸರ್ವ್' ಮತ್ತು ಅದರಿಂದ ಸಾಧಿತವಾದ 'ರಿಸರ್ವೇಷನ್' ಪದಗಳನ್ನು ಈ ದೃಷ್ಟಿಯಿಂದ ನೋಡಲಾಗಿದೆ.

ತಡೆಹಿಡಿಯುವ ಕ್ರಿಯೆಯನ್ನು ಸೂಚಿಸಲು ಇಂಗ್ಲಿಷಿನಲ್ಲಿ ಹಲವು ಪದಗಳಿವೆ. 'ವಿತ್‌ಹೋಲ್ಡ್' ಎಂಬುದು ಆ ಭಾಷೆಯ ದೇಶ್ಯ ಪದ. ಅಲ್ಲಿನ 'ವಿತ್' ಇಂದಿನಂತೆ 'ಜೊತೆಗೆ' ಎಂಬ ಅರ್ಥದ್ದಲ್ಲ, 'ಎದುರಾಗಿ' ಎಂಬ ಹಳೆಯ ಅರ್ಥದ್ದು. ಕೊಡದೆ ಹಿಡಿದುಕೊಂಡರೆ ಆ ಪದದ ಕೆಲಸ ಮುಗಿಯಿತು. ಯಾರಿಗಾಗಿ ಹಿಡಿದದ್ದು ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. 'ರಿಸರ್ವ್' ಹಾಗಲ್ಲ. ಒಬ್ಬರಿಂದ ದೂರವಿಡುವುದು ಮಾತ್ರವಲ್ಲದೆ ಇನ್ನೊಬ್ಬರಿಗಾಗಿಯೋ ಇನ್ನೊಂದು ಹೊತ್ತಿಗಾಗಿಯೋ ಇರಿಸುವುದು ಅದರ ಅರ್ಥದಲ್ಲೇ ಅಡಗಿದೆ. ಹೀಗಾಗಿ ಅದರ ಪ್ರತಿಯೊಂದು ಬಳಕೆಯೂ ಮೂರು ಪ್ರಶ್ನೆಗಳನ್ನು ಎಬ್ಬಿಸುತ್ತದೆ: ಇರಿಸುವವರು ಯಾರು, ಯಾರಿಂದ ದೂರವಿರಿಸುತ್ತಾರೆ, ಯಾರಿಗಾಗಿ ಇರಿಸುತ್ತಾರೆ?

ಕನ್ನಡ ಈ ಪದವನ್ನು ಒಂದೇ ಬಗೆಯಲ್ಲಿ ಸ್ವೀಕರಿಸಲಿಲ್ಲ. ಅರಣ್ಯ, ಪೊಲೀಸ್ ಪಡೆ, ಚುನಾವಣಾ ಕ್ಷೇತ್ರಗಳ ಸಂದರ್ಭದಲ್ಲಿ ಅದು 'ಮೀಸಲು' ಆಯಿತು. ಶಿಕ್ಷಣ ಮತ್ತು ಉದ್ಯೋಗದ ಸಂದರ್ಭದಲ್ಲಿ 'ಮೀಸಲಾತಿ' ಆಯಿತು. ರೈಲಿನ ಆಸನ ಮತ್ತು ನ್ಯಾಯಾಲಯದ ತೀರ್ಪಿಗೆ 'ಕಾಯ್ದಿರಿಸು' ಎಂಬ ಕ್ರಿಯಾಪದ ನಿಂತಿತು. ೧೯೩೫ರಲ್ಲಿ ಕಾರ್ಯಾರಂಭ ಮಾಡಿದ ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಮೂಲಪದವೇ ಉಳಿಯಿತು. ಮನುಷ್ಯಸ್ವಭಾವಕ್ಕೆ ಅನ್ವಯಿಸುವಾಗ 'ಬಿಗುಮಾನ', 'ಮಿತಭಾಷಿ', 'ಸಂಕೋಚ' ಎಂಬ ಬೇರೆಯೇ ಪದಗಳು ಒದಗಿದವು. ಈ ಹಂಚಿಕೆ ಕೇವಲ ಅನುಕೂಲದ ಫಲವಲ್ಲ. ಇಂಗ್ಲಿಷ್ ಪದದೊಳಗೆ ಬೆರೆತುಹೋಗಿರುವ ಭಿನ್ನ ಸಂಬಂಧಗಳನ್ನು ಕನ್ನಡ ಬಿಡಿಸಿ ತೋರಿಸಿದೆ, ಕೆಲವೆಡೆ ತಾನೂ ಎಡವಿದೆ ಎಂಬುದು ಈ ಲೇಖನದ ಪ್ರತಿಪಾದನೆ.

೨

'ರಿಸರ್ವ್' ಪದದ ಮೂಲ ಲ್ಯಾಟಿನ್ ಭಾಷೆಯ 'ರೆಸೆರ್ವಾರೆ'. 'ರೆ' ಎಂದರೆ ಹಿಂದಕ್ಕೆ. 'ಸೆರ್ವಾರೆ' ಎಂದರೆ ಕಾಯುವುದು, ನೋಡಿಕೊಳ್ಳುವುದು, ಉಳಿಸುವುದು. ಹಳೆಯ ಫ್ರೆಂಚಿನ ಮೂಲಕ ಹದಿನಾಲ್ಕನೆಯ ಶತಮಾನದಲ್ಲಿ ಇದು ಇಂಗ್ಲಿಷಿಗೆ ಬಂದಿತು. 'ಕನ್ಸರ್ವ್', 'ಪ್ರಿಸರ್ವ್', 'ಅಬ್ಸರ್ವ್' ಎಂಬ ಪದಗಳೂ ಇದೇ ಧಾತುವಿನ ಸಂತಾನ. ಕೂಡಿಟ್ಟ ನೀರಿನ ನೆಲೆಯನ್ನು ಹೇಳುವ 'ರಿಸರ್ವಾಯರ್' ಫ್ರೆಂಚಿನಿಂದ ಬಂದ ಮತ್ತೊಂದು ಕುಡಿ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಧಾತುವಿನ ಕೇಂದ್ರದಲ್ಲಿರುವುದು ತಡೆಯುವಿಕೆಯಲ್ಲ, ಕಾಯುವಿಕೆ. ಕನ್ನಡದ 'ಕಾಯ್ದಿರಿಸು' ಎಂಬುದು ಅದಕ್ಕೆ ಆಶ್ಚರ್ಯಕರವಾಗಿ ಹತ್ತಿರವಾದ ರಚನೆ. 'ಕಾಯ್' ಧಾತುವಿಗೆ ಕನ್ನಡದಲ್ಲಿ ರಕ್ಷಿಸು ಎಂಬ ಅರ್ಥವೂ ಎದುರುನೋಡು ಎಂಬ ಅರ್ಥವೂ ಇವೆ. ಹೊಲ ಕಾಯುವವನು ಬೆಳೆಯನ್ನು ರಕ್ಷಿಸುತ್ತಾನೆ. ಬಸ್ಸಿಗೆ ಕಾಯುವವನು ಹೊತ್ತನ್ನು ಎದುರುನೋಡುತ್ತಾನೆ. ಕಾವಲು, ಕಾಪು, ಕಾಪಾಡು ಮೊದಲಾದವು ಮೊದಲ ಅರ್ಥದಿಂದ ಬೆಳೆದವು. ತೀರ್ಪನ್ನು ಕಾಯ್ದಿರಿಸಿದಾಗ ಎರಡೂ ಅರ್ಥಗಳು ಕೂಡಿಬರುತ್ತವೆ: ತೀರ್ಪು ನ್ಯಾಯಾಧೀಶರ ವಶದಲ್ಲಿ ಭದ್ರವಾಗಿದೆ, ಕಕ್ಷಿದಾರರು ಅದರ ದಾರಿ ನೋಡುತ್ತಿದ್ದಾರೆ.

ರೂಪಸಾಮ್ಯವನ್ನೇ ನಂಬಿ ಪದಗಳ ಬಂಧುತ್ವವನ್ನು ನಿರ್ಣಯಿಸುವುದು ಅಪಾಯಕರ. 'ಕಾಯ್ದೆ' ಎಂಬುದು 'ಕಾಯ್' ಧಾತುವಿನಿಂದ ಬಂದಂತೆ ಕಂಡರೂ ಅದರ ಮೂಲ ಅರಬ್ಬಿ. ಇಂಗ್ಲಿಷಿನಲ್ಲಿಯೂ ಇಂಥದೇ ಒಂದು ಜೋಡಿ ಇದೆ. ಅರ್ಹತೆಯನ್ನು ಸೂಚಿಸುವ 'ಡಿಸರ್ವ್' ಪದ 'ರಿಸರ್ವ್'ನ ಒಡಹುಟ್ಟಿನಂತೆ ಕಿವಿಗೆ ಕೇಳಿಸುತ್ತದೆ. ಆದರೆ ಅದು ಬಂದದ್ದು 'ಸೆರ್ವಾರೆ'ಯಿಂದಲ್ಲ, ಸೇವೆ ಮಾಡು ಎಂಬ ಅರ್ಥದ 'ಸೆರ್ವಿರೆ'ಯಿಂದ. 'ಸೆರ್ವಿರೆ'ಯ ಹಿಂದಿರುವುದು ಗುಲಾಮನನ್ನು ಹೇಳುವ 'ಸೆರ್ವುಸ್'. ಅಂದರೆ, ಚೆನ್ನಾಗಿ ಊಳಿಗ ಮಾಡಿದವನಿಗೆ ಸಲ್ಲುವುದು 'ಡಿಸರ್ವ್'. ಕಾದು ಉಳಿಸಿದ್ದು 'ರಿಸರ್ವ್'. ಈ ಎರಡು ಲ್ಯಾಟಿನ್ ಧಾತುಗಳಿಗೆ ಬಹು ಹಿಂದೆ ನಂಟಿತ್ತೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಲ್ಯಾಟಿನ್ ಬಳಕೆಯಲ್ಲಂತೂ ಅವು ಬೇರೆ ಬೇರೆ. ಅರ್ಹತೆ ಮತ್ತು ಮೀಸಲಾತಿಯನ್ನು ಎದುರುಬದುರು ನಿಲ್ಲಿಸುವ ಇಂದಿನ ವಾದಗಳನ್ನು ಕೇಳುವಾಗ, 'ಅರ್ಹತೆ'ಗೆ ಇಂಗ್ಲಿಷ್ ಕೊಟ್ಟಿರುವ ಪದದ ಬೇರಿನಲ್ಲಿ ಊಳಿಗವಿದೆ ಎಂಬುದನ್ನು ನೆನೆಯುವುದು ಲೇಸು.

೩

ಮಧ್ಯಯುಗದ ಯುರೋಪಿನಲ್ಲಿ 'ರಿಸರ್ವೇಷನ್' ಅಧಿಕಾರದ ಪದವಾಗಿತ್ತು. ಚರ್ಚಿನ ಆದಾಯವುಳ್ಳ ಹುದ್ದೆಗಳಿಗೆ ನೇಮಕ ಮಾಡುವ ಹಕ್ಕನ್ನು ಸ್ಥಳೀಯ ಪೋಷಕರ ಕೈಗೆ ಬಿಡದೆ ಪೋಪ್ ತನಗೇ ಇರಿಸಿಕೊಳ್ಳುವುದನ್ನು ಅದು ಸೂಚಿಸುತ್ತಿತ್ತು. ಇಂಥ ನೇಮಕಗಳನ್ನು ತಡೆಯಲು ಇಂಗ್ಲೆಂಡಿನಲ್ಲಿ ೧೩೫೧ರಲ್ಲಿ ಶಾಸನವೇ ಆಯಿತು. ಇಲ್ಲಿ ಇರಿಸುವವನೂ ಅದರ ಫಲ ಪಡೆಯುವವನೂ ಒಬ್ಬನೇ.

ಅದೇ ಚರ್ಚಿನ ಮತ್ತೊಂದು ಆಚರಣೆಯಲ್ಲಿ ಪದದ ದಿಕ್ಕು ತಿರುಗುತ್ತದೆ. ಪ್ರಭುಭೋಜನದಲ್ಲಿ ಪವಿತ್ರೀಕರಿಸಿದ ರೊಟ್ಟಿಯ ಒಂದಂಶವನ್ನು, ದೇವಾಲಯಕ್ಕೆ ಬರಲಾಗದ ರೋಗಿಗಳಿಗಾಗಿ ಎತ್ತಿಡುವುದಕ್ಕೂ 'ರಿಸರ್ವೇಷನ್' ಎಂದೇ ಹೆಸರು. ಇಂಗ್ಲೆಂಡಿನ ಸುಧಾರಿತ ಚರ್ಚಿನ ಮೂವತ್ತೊಂಬತ್ತು ವಿಧಿಗಳಲ್ಲಿ ಇಪ್ಪತ್ತೆಂಟನೆಯದು ಈ ಇರಿಸುವಿಕೆ ಕ್ರಿಸ್ತನ ವಿಧಿಯಲ್ಲವೆಂದು ಹೇಳಿತು. ವಿವಾದವೇನೇ ಇರಲಿ, ಇಲ್ಲಿ ಇರಿಸುವವರು ಒಬ್ಬರು, ಯಾರಿಗಾಗಿ ಇರಿಸಲಾಗಿದೆಯೋ ಅವರು ಇನ್ನೊಬ್ಬರು. ಅವರು ಪಂಕ್ತಿಗೆ ಬರಲಾರದವರು.

ಭೂಮಿಯ ಕಾನೂನಿನಲ್ಲಿ ಈ ಪದ ಇನ್ನಷ್ಟು ಖಚಿತವಾಯಿತು. ಆಸ್ತಿಯನ್ನು ಪರಭಾರೆ ಮಾಡುವವನು ಗೇಣಿಯನ್ನೋ ದಾರಿಯ ಹಕ್ಕನ್ನೋ ತನಗೆ ಉಳಿಸಿಕೊಂಡರೆ ಅದು 'ರಿಸರ್ವೇಷನ್'. ಕೊಟ್ಟ ಆಸ್ತಿಯಿಂದ ಒಂದು ಭಾಗವನ್ನು ಹೊರಗಿಟ್ಟರೆ ಅದು 'ಎಕ್ಸೆಪ್ಷನ್', ಅಂದರೆ ಅಪವಾದ. ಇಂಗ್ಲಿಷ್ ನ್ಯಾಯಶಾಸ್ತ್ರಜ್ಞರು ಈ ಎರಡನ್ನು ಎಚ್ಚರದಿಂದ ಬೇರ್ಪಡಿಸಿದರು. ಈ ಭೇದ ಮುಂದೆ ನಮ್ಮ ಸಂವಿಧಾನದ ಚರ್ಚೆಯಲ್ಲಿ ಬೇರೊಂದು ರೂಪದಲ್ಲಿ ಮರಳಿ ಬರುವುದನ್ನು ನೋಡಲಿದ್ದೇವೆ.

ಕಾನೂನಿನ ಈ ಅರ್ಥವನ್ನು ರಂಗಕ್ಕೆ ತಂದು ಅದರ ದೌರ್ಬಲ್ಯವನ್ನು ಬಯಲಿಗಿಟ್ಟ ಕೃತಿ ಷೇಕ್ಸ್‌ಪಿಯರನ 'ಕಿಂಗ್ ಲಿಯರ್'. ಮುದಿ ದೊರೆ ರಾಜ್ಯವನ್ನು ಹೆಣ್ಣುಮಕ್ಕಳಿಗೆ ಹಂಚುವಾಗ ನೂರು ಮಂದಿ ಸರದಾರರ ಪರಿವಾರವನ್ನು ತನಗೆ ಉಳಿಸಿಕೊಳ್ಳುತ್ತಾನೆ. ಅಲ್ಲಿ ಬಳಕೆಯಾಗುವ ಪದ 'ರಿಸರ್ವೇಷನ್' ಎಂಬುದೇ. ಆಮೇಲೆ ನಡೆಯುವುದು ಎಣಿಕೆಯ ಕ್ರೌರ್ಯ. ನೂರು ಐವತ್ತಾಗುತ್ತದೆ, ಐವತ್ತು ಇಪ್ಪತ್ತೈದಾಗುತ್ತದೆ. ಕೊನೆಗೆ ಒಬ್ಬನಾದರೂ ಏಕೆ ಬೇಕು ಎಂಬ ಪ್ರಶ್ನೆ ಬರುತ್ತದೆ. ಲಿಯರನ ಹಕ್ಕು ಮಾತಿನಲ್ಲಿತ್ತು; ಅದನ್ನು ಕಾಯುವ ಬಲ ಮಕ್ಕಳ ಕೈ ಸೇರಿತ್ತು. ಹಕ್ಕಿನ ಪ್ರಶ್ನೆಯನ್ನು ಅವರು ಅಗತ್ಯದ ಪ್ರಶ್ನೆಯಾಗಿ ಮಾರ್ಪಡಿಸಿದರು. ಲಿಯರ್ ತನ್ನ ದುಡುಕಿನ ಫಲವನ್ನೇ ಉಣ್ಣುತ್ತಾನೆ ಎಂಬುದು ನಿಜ. ಆದರೂ ಪದದ ದೃಷ್ಟಿಯಿಂದ ನಾಟಕ ಹೇಳುವ ಸತ್ಯ ಸ್ಪಷ್ಟವಾಗಿದೆ: 'ಸೆರ್ವಾರೆ' ಇಲ್ಲದ 'ರಿಸರ್ವೇಷನ್', ಕಾವಲಿಲ್ಲದ ಇರಿಸುವಿಕೆ, ಎಣಿಕೆಯಲ್ಲಿ ಕರಗಿಹೋಗುತ್ತದೆ.

೪

ವಸಾಹತುಗಳ ಆಡಳಿತದಲ್ಲಿ ಈ ಪದದ ಎರಡು ಮುಖಗಳು ಒಟ್ಟೊಟ್ಟಿಗೆ ಕಾಣಿಸಿಕೊಂಡವು. ಅಮೆರಿಕದ ಮೂಲನಿವಾಸಿಗಳ ವಸತಿಪ್ರದೇಶಗಳಿಗೆ 'ರಿಸರ್ವೇಷನ್' ಎಂಬ ಹೆಸರು ಬಂದಾಗ, ಬಿಳಿಯರ ಸರಕಾರ ಅವರಿಗಾಗಿ ನೆಲವನ್ನು ಬಿಟ್ಟುಕೊಟ್ಟಿದೆ ಎಂಬ ಭಾವನೆ ಬೆಳೆಯಿತು. ೧೯೦೫ರಲ್ಲಿ ವಾಯನನ್ಸ್ ಪ್ರಕರಣದಲ್ಲಿ ಆ ದೇಶದ ಸುಪ್ರೀಂ ಕೋರ್ಟು ಈ ಭಾವನೆಯನ್ನು ತಲೆಕೆಳಗು ಮಾಡಿತು. ಯಾಕಮಾ ಜನರ ಮೀನುಗಾರಿಕೆಯ ಹಕ್ಕಿಗೆ ಸಂಬಂಧಿಸಿದ ಆ ತೀರ್ಪಿನ ಪ್ರಕಾರ, ಒಪ್ಪಂದವು ಮೂಲನಿವಾಸಿಗಳಿಗೆ ಹಕ್ಕುಗಳನ್ನು ದಯಪಾಲಿಸಿದ್ದಲ್ಲ. ಅವರೇ ಕೆಲವು ಹಕ್ಕುಗಳನ್ನು ಬಿಟ್ಟುಕೊಟ್ಟು, ಕೊಡದೆ ಉಳಿದವನ್ನು ತಮಗೆ ಇರಿಸಿಕೊಂಡಿದ್ದರು. ಇರಿಸಿದವರು ಯಾರು ಎಂಬ ಒಂದು ಪ್ರಶ್ನೆಗೆ ಉತ್ತರ ಬದಲಾದೊಡನೆ ದಾನಿಯೂ ಯಾಚಕನೂ ಸ್ಥಾನ ಬದಲಿಸಿದರು.

ಭಾರತದಲ್ಲಿ ೧೮೭೮ರ ಅರಣ್ಯ ಕಾಯಿದೆಯು 'ರಿಸರ್ವ್ಡ್', 'ಪ್ರೊಟೆಕ್ಟೆಡ್' ಮತ್ತು ಗ್ರಾಮ ಅರಣ್ಯಗಳೆಂದು ಮೂರು ವರ್ಗಗಳನ್ನು ಮಾಡಿತು. ಸ್ಥೂಲವಾಗಿ ಹೇಳುವುದಾದರೆ, ಎರಡನೆಯ ವರ್ಗದಲ್ಲಿ ನಿಷೇಧಿಸದೆ ಇರುವುದಕ್ಕೆಲ್ಲ ಅವಕಾಶವಿತ್ತು. ಮೊದಲನೆಯದರಲ್ಲಿ ಅನುಮತಿ ಇಲ್ಲದ್ದೆಲ್ಲವೂ ನಿಷಿದ್ಧ. ಅರಣ್ಯವನ್ನು ಹೀಗೆ ಘೋಷಿಸುವ ಮುನ್ನ, ಹಕ್ಕುಳ್ಳವರು ಗೊತ್ತುಪಡಿಸಿದ ಅವಧಿಯೊಳಗೆ ಅಧಿಕಾರಿಯ ಮುಂದೆ ಹಾಜರಾಗಿ ತಮ್ಮ ಹಕ್ಕನ್ನು ಹೇಳಿಕೊಳ್ಳಬೇಕಾಗಿತ್ತು. ಹೇಳಿಕೊಳ್ಳದವರ ಹಕ್ಕು ಅಳಿಯುತ್ತಿತ್ತು. ಸೌದೆ, ಸೊಪ್ಪು, ಮೇವುಗಳಿಗೆ ತಲೆಮಾರುಗಳಿಂದ ಕಾಡನ್ನೇ ನಂಬಿದ್ದ ಜನರಿಗೆ ಹಕ್ಕು 'ರಿಯಾಯಿತಿ'ಯಾಯಿತು. ಇಲ್ಲಿ ಇರಿಸಿದ್ದು ಸರಕಾರ, ದೂರವಿರಿಸಿದ್ದು ಜನರನ್ನು, ಇರಿಸಿದ್ದು ಸರಕಾರಕ್ಕಾಗಿಯೇ. ಅರಣ್ಯವಾಸಿಗಳಿಗೆ ಆದದ್ದು ಚಾರಿತ್ರಿಕ ಅನ್ಯಾಯವೆಂದು ಶಾಸನದ ಮುನ್ನುಡಿಯಲ್ಲಿಯೇ ಒಪ್ಪಿಕೊಳ್ಳಲು ೨೦೦೬ರ ಅರಣ್ಯ ಹಕ್ಕು ಕಾಯಿದೆಯವರೆಗೆ ಕಾಯಬೇಕಾಯಿತು.

೧೯೧೯ರ ಭಾರತ ಸರಕಾರ ಕಾಯಿದೆಯಲ್ಲಿ ಈ ದ್ವಿಮುಖತೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ದ್ವಿಪ್ರಭುತ್ವದ ಆ ವ್ಯವಸ್ಥೆಯಲ್ಲಿ ಪ್ರಾಂತಗಳ ಶಿಕ್ಷಣ, ಆರೋಗ್ಯ, ಸ್ಥಳೀಯಾಡಳಿತಗಳು ಮಂತ್ರಿಗಳಿಗೆ ವರ್ಗಾವಣೆಯಾದ ವಿಷಯಗಳಾದವು. ಪೊಲೀಸು, ಹಣಕಾಸು, ಭೂಕಂದಾಯಗಳು ಗವರ್ನರನ ಕೈಯಲ್ಲೇ ಉಳಿದ 'ರಿಸರ್ವ್ಡ್' ವಿಷಯಗಳಾದವು. ಅದೇ ಸುಧಾರಣೆಯ ಅಡಿಯಲ್ಲಿ ಮದರಾಸು ಪ್ರಾಂತದ ಶಾಸನಸಭೆಯಲ್ಲಿ ಬ್ರಾಹ್ಮಣೇತರರಿಗೆ ೨೮ ಸ್ಥಾನಗಳನ್ನು ಇರಿಸಲಾಯಿತು. ಅವೂ 'ರಿಸರ್ವ್ಡ್' ಸ್ಥಾನಗಳೇ. ಒಂದೇ ಕಾಲದ ಒಂದೇ ಆಡಳಿತಭಾಷೆಯಲ್ಲಿ, ಭಾರತೀಯರಿಗೆ ಕೊಡದೆ ಆಳುವವರು ಹಿಡಿದಿಟ್ಟ ಅಧಿಕಾರಕ್ಕೂ, ಹಿಂದುಳಿದವರ ಪಾಲಿಗೆಂದು ತೆಗೆದಿಟ್ಟ ಸ್ಥಾನಕ್ಕೂ ಒಂದೇ ಪದ ಸಂದಿತು. ಇಂಗ್ಲಿಷಿಗೆ ಇದು ಅಸಹಜವೆನಿಸಲಿಲ್ಲ. 'ತನಗೆ' ಮತ್ತು 'ಅವರಿಗಾಗಿ' ಎಂಬ ವ್ಯತ್ಯಾಸವನ್ನು ಆ ಭಾಷೆ ಪಕ್ಕದ ಉಪಸರ್ಗಾವ್ಯಯಕ್ಕೆ ಬಿಟ್ಟುಕೊಡುತ್ತದೆ. ಪದ ತಾನು ತಟಸ್ಥವಾಗಿ ಉಳಿಯುತ್ತದೆ.

೫

ಕನ್ನಡದ 'ಮೀಸಲು' ತಟಸ್ಥ ಪದವಲ್ಲ. ಹಳೆಯ ಕಾವ್ಯಗಳಲ್ಲಿ 'ಮೀಸಲ್' ಎಂಬ ರೂಪದಲ್ಲಿ ಸಿಗುವ ಈ ಪದಕ್ಕೆ ದೇವರಿಗೆಂದು ತೆಗೆದಿಟ್ಟದ್ದು, ಯಾರೂ ಮುಟ್ಟದ್ದು, ಎಂಜಲಾಗದ್ದು ಎಂಬ ಅರ್ಥಗಳಿವೆ. ಫರ್ಡಿನೆಂಡ್ ಕಿಟೆಲ್ ೧೮೯೪ರಲ್ಲಿ ಪ್ರಕಟಿಸಿದ ನಿಘಂಟಿನ ವಿವರಣೆಯ ಸಾರವೂ ಇದೇ. ಪೂಜೆಗೆಂದು ಮೊದಲು ಸೇದಿದ ಬಾವಿಯ ನೀರು ಮೀಸಲು ನೀರು. ಕಾಡುಗೊಲ್ಲರು ಮೊದಲಾದ ಪಶುಪಾಲಕ ಸಮುದಾಯಗಳಲ್ಲಿ ದೇವರಿಗೆಂದು ಎತ್ತಿಟ್ಟ ಹಾಲು ಮೀಸಲು ಹಾಲು. ಮನೆದೇವರ ಹೆಸರಿನಲ್ಲಿ ಅರಿಸಿನ ಬಟ್ಟೆಯಲ್ಲಿ ಕಟ್ಟಿಡುವ ಮುಡಿಪಿನ ಹಣವೂ ಈ ಬಗೆಯದೇ. ಹಾಗೆ ಇರಿಸಿದ್ದನ್ನು ಕೆಡಿಸುವುದು 'ಮೀಸಲಳಿಯುವುದು'.

ಈ ಬಳಕೆಗಳಲ್ಲಿ ಮೂರು ಲಕ್ಷಣಗಳನ್ನು ಗುರುತಿಸಬಹುದು. ಮೊದಲನೆಯದು, ಮೀಸಲು ಇರಿಸುವವನು ಅದನ್ನು ತನಗಾಗಿ ಇರಿಸುವುದಿಲ್ಲ. ಇಂದಿನ ಬರವಣಿಗೆಯಲ್ಲಿ ತನಗೆ ಒಂದಿಷ್ಟು ಹೊತ್ತನ್ನು ಮೀಸಲಿಟ್ಟುಕೊಂಡೆ ಎನ್ನುವುದುಂಟು. ಆದರೆ ಆಚರಣೆಯ ಮೂಲಬಳಕೆಯಲ್ಲಿ ಮೀಸಲು ಎಂದಿಗೂ ಮತ್ತೊಬ್ಬರದು. ಎರಡನೆಯದು, ಮೀಸಲೆಂದು ಎತ್ತಿಟ್ಟ ಕ್ಷಣದಿಂದಲೇ ಆ ವಸ್ತು ಇರಿಸಿದವನದಾಗಿ ಉಳಿಯುವುದಿಲ್ಲ. ಹಾಲು ಮನೆಯ ಗಡಿಗೆಯಲ್ಲೇ ಇದ್ದರೂ ಮನೆಯವರದಲ್ಲ. ಮೂರನೆಯದು, ಇರಿಸುವುದರಿಂದ ಕ್ರಿಯೆ ಮುಗಿಯುವುದಿಲ್ಲ, ಸಲ್ಲಿಸಿದಾಗ ಮುಗಿಯುತ್ತದೆ. ಸಲ್ಲಿಸದ ಮೀಸಲು ಉಳಿತಾಯವಲ್ಲ, ಹರಕೆಭಂಗ.

ಕನ್ನಡ ನಾಡಿನಲ್ಲಿ ಆಳುವವರು ತಮ್ಮ ಅಗತ್ಯಕ್ಕೆ ನೆಲವನ್ನು ಇರಿಸಿಕೊಳ್ಳುವ ಪದ್ಧತಿ ಇಂಗ್ಲಿಷರಿಗಿಂತ ಮೊದಲೇ ಇತ್ತು. ಮೈಸೂರು ಅರಸರ 'ಬೆಣ್ಣೆ ಚಾವಡಿ'ಗೆ ಸೇರಿದ, ಟಿಪ್ಪುವಿನ ಕಾಲದಲ್ಲಿ 'ಅಮೃತ ಮಹಲ್' ಎಂದು ಹೆಸರಾದ ದನಗಳಿಗೆ ವಿಶಾಲವಾದ ಹುಲ್ಲುಗಾವಲುಗಳಿದ್ದವು. ಜನ ಅವನ್ನು ಕರೆದದ್ದು 'ಕಾವಲು' ಎಂದು. ಇನ್ನೊಂದೆಡೆ ಕೊಡಗಿನಲ್ಲಿ ಊರೂರಿನವರು ದೇವರಿಗೆಂದು ಬಿಟ್ಟ, ಸಾವಿರಕ್ಕೂ ಹೆಚ್ಚು ಸಂಖ್ಯೆಯ ದೇವರಕಾಡುಗಳಿವೆ. ಒಂದು ಕಾದದ್ದು, ಇನ್ನೊಂದು ಬಿಟ್ಟದ್ದು. ಮೊದಲನೆಯದು 'ಕಾಯ್ದಿರಿಸಿದ' ಭೂಮಿ, ಎರಡನೆಯದು ನಿಜವಾದ 'ಮೀಸಲು' ಅರಣ್ಯ. ಹೀಗಿರುವಾಗ ಸರಕಾರ ತನಗಾಗಿ ಇರಿಸಿಕೊಂಡ ಕಾಡಿಗೆ 'ಮೀಸಲು ಅರಣ್ಯ'ವೆಂದು ಹೆಸರಿಟ್ಟ ಅನುವಾದ, ಸಮರ್ಪಣೆಯ ಪದವನ್ನು ಸ್ವಾಧೀನದ ಕ್ರಿಯೆಗೆ ಹೊದಿಸಿತು. 'ಕಾವಲು ಅರಣ್ಯ'ವೆಂದಿದ್ದರೆ ನಡೆದದ್ದೇನು ಎಂಬುದು ಪದದಲ್ಲೇ ತಿಳಿಯುತ್ತಿತ್ತು. ಇದು ಕನ್ನಡ ಎಡವಿದ ತಾಣ.

೬

ಸಾಮಾಜಿಕ ನ್ಯಾಯದ ಸಂದರ್ಭದಲ್ಲಿ ಇದೇ ಪದ ಬೇರೆ ಬಗೆಯ ಪರೀಕ್ಷೆಗೆ ಒಳಗಾಯಿತು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ ೧೯೧೮ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯ ಮುಂದಿದ್ದ ವಿಷಯ, ಸರಕಾರಿ ಸೇವೆಯಲ್ಲಿ ಸಮುದಾಯಗಳ ಸಮರ್ಪಕ 'ಪ್ರಾತಿನಿಧ್ಯ'. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡರಷ್ಟು ಬ್ರಾಹ್ಮಣೇತರರಿಗೆ ಸಿಗಬೇಕೆಂದು ಅದು ಸಲಹೆ ಮಾಡಿತು. ೧೯೩೨ರ ಪುಣೆ ಒಪ್ಪಂದ ಪ್ರಾಂತೀಯ ಶಾಸನಸಭೆಗಳಲ್ಲಿ ದಲಿತ ವರ್ಗಗಳಿಗೆ ೧೪೮ ಸ್ಥಾನಗಳನ್ನು ಗೊತ್ತುಪಡಿಸಿತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದಲ್ಲಿ ೧೬(೪), ೩೩೦, ೩೩೨ನೆಯ ವಿಧಿಗಳ ಮೂಲಕ 'ರಿಸರ್ವೇಷನ್' ನೆಲೆನಿಂತಿತು. ಅದೇ ಸಂವಿಧಾನದ ೨೦೦ನೆಯ ವಿಧಿಯಲ್ಲಿ ರಾಜ್ಯಪಾಲರು ಮಸೂದೆಯನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಇರಿಸುವುದಕ್ಕೂ ಅದೇ ಇಂಗ್ಲಿಷ್ ಕ್ರಿಯಾಪದವಿದೆ. ಕನ್ನಡದಲ್ಲಿ ಮಸೂದೆಯನ್ನು ಕಾಯ್ದಿರಿಸಬಹುದು; ಅದಕ್ಕೆ ಮೀಸಲಾತಿ ಕೊಟ್ಟರೆಂದು ಯಾರೂ ಹೇಳುವುದಿಲ್ಲ. ಇಂಗ್ಲಿಷ್ ಒಂದಾಗಿಸಿದ್ದನ್ನು ಕನ್ನಡದ ಕಿವಿ ಇಲ್ಲಿ ಸರಿಯಾಗಿ ಬೇರ್ಪಡಿಸಿದೆ.

ಆದರೆ ಈ ಆಯ್ಕೆಯಲ್ಲಿ ಒಂದು ಚಾರಿತ್ರಿಕ ವೈಪರೀತ್ಯವೂ ಇದೆ. 'ಮೀಸಲು' ಮಡಿಯ ಲೋಕದ ಪದ. ಮುಟ್ಟದಿರುವುದೇ ಅದರ ಲಕ್ಷಣ. ಆ ಲೋಕ ಯಾರನ್ನು ಮುಟ್ಟಬಾರದವರೆಂದು ಹೊರಗಿಟ್ಟಿತೋ ಅವರ ಹಕ್ಕನ್ನು ಹೇಳಲು ಅದೇ ಲೋಕದ ಪದ ಒದಗಿದೆ. ಮೀಸಲು ನೀರಿನ ಬಾವಿಯ ಹತ್ತಿರಕ್ಕೂ ಬರಲಾಗದಿದ್ದವರ ಮಕ್ಕಳು ಇಂದು ಮೀಸಲು ಕ್ಷೇತ್ರದ ಪ್ರತಿನಿಧಿಗಳು. ಈ ವೈಪರೀತ್ಯವನ್ನು ಕೇವಲ ವ್ಯಂಗ್ಯವೆಂದು ಬಿಟ್ಟುಬಿಡಬೇಕಾಗಿಲ್ಲ. ದೇವರಿಗೆ ಅರ್ಪಿಸುವ ಹಾಲು, ಹೂವು, ನೀರು ಯಾವುದೂ ಯಾರೂ ಮುಟ್ಟದ್ದಲ್ಲ ಎಂಬ ತರ್ಕವನ್ನು ವಚನಕಾರರು ಹನ್ನೆರಡನೆಯ ಶತಮಾನದಲ್ಲಿಯೇ ಮುಂದಿಟ್ಟಿದ್ದರು. ಎಂಜಲು ಮತ್ತು ಮೀಸಲುಗಳ ಭೇದವನ್ನು ಅವರು ಪ್ರಶ್ನಿಸಿದ ಮೇಲೆ ಪದದಲ್ಲಿ ಉಳಿಯಬೇಕಾದ ತಿರುಳು ಮಡಿಯಲ್ಲ, ಮತ್ತೊಬ್ಬರಿಗೆ ಸಲ್ಲಬೇಕಾದದ್ದು ಎಂಬ ಒಡೆತನದ ಅರಿವು. 'ಮೀಸಲಾತಿ' ಎಂಬ ಹೊಸ ರೂಪ ಆ ತಿರುಳನ್ನು ಉಳಿಸಿಕೊಂಡು ಸಿಪ್ಪೆಯನ್ನು ಕಳಚಿದ ಪದ. ಒಳಮೀಸಲಾತಿಯಂಥ ಸಮಾಸಗಳನ್ನು ಕಟ್ಟುವಷ್ಟು ಅದು ಈಗ ಬೆಳೆದಿದೆ. ಪರಿಶಿಷ್ಟ ಜಾತಿಗಳೊಳಗೆ ಇಂಥ ವರ್ಗೀಕರಣಕ್ಕೆ ಅವಕಾಶವಿದೆಯೆಂದು ಸುಪ್ರೀಂ ಕೋರ್ಟು ೨೦೨೪ರಲ್ಲಿ ತೀರ್ಪಿತ್ತಿತು.

ಮೀಸಲಾತಿ ಸಮಾನತೆಗೆ ಅಪವಾದವೇ, ಸಮಾನತೆಯ ಒಂದು ಮುಖವೇ ಎಂಬ ಪ್ರಶ್ನೆ ನ್ಯಾಯಾಲಯಗಳನ್ನು ಬಹುಕಾಲ ಕಾಡಿತು. ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಶೇಕಡಾ ೬೮ ಸ್ಥಾನಗಳನ್ನು ಇರಿಸಿದ ಮೈಸೂರು ರಾಜ್ಯದ ಆದೇಶವನ್ನು ೧೯೬೨ರಲ್ಲಿ ಬಾಲಾಜಿ ಪ್ರಕರಣದ ತೀರ್ಪು ರದ್ದುಗೊಳಿಸಿತು. ಸಾಮಾನ್ಯವಾಗಿ ಈ ಪ್ರಮಾಣ ಶೇಕಡಾ ೫೦ಕ್ಕಿಂತ ಕಡಿಮೆಯಿರಬೇಕೆಂದಿತು. ವಿಶೇಷ ಅವಕಾಶವನ್ನು ಅಪವಾದವೆಂದು ನೋಡುವ ನಿಲುವು ಅಲ್ಲಿತ್ತು. ೧೯೭೫ರ ಎನ್.ಎಂ. ಥಾಮಸ್ ಪ್ರಕರಣದಲ್ಲಿ ಈ ನಿಲುವು ಬದಲಾಯಿತು. ೧೯೯೨ರ ಇಂದ್ರಾ ಸಾಹ್ನಿ ತೀರ್ಪು ೧೬(೪)ನೆಯ ವಿಧಿ ಅಪವಾದವಲ್ಲವೆಂಬುದನ್ನು ದೃಢಪಡಿಸಿತು, ಶೇಕಡಾ ೫೦ರ ಮಿತಿಯನ್ನೂ ಉಳಿಸಿತು. ಇಂಗ್ಲಿಷ್ ಭೂಕಾನೂನು 'ರಿಸರ್ವೇಷನ್' ಮತ್ತು 'ಎಕ್ಸೆಪ್ಷನ್'ಗಳ ನಡುವೆ ಎಳೆದಿದ್ದ ಗೆರೆ ಇಲ್ಲಿ ಹೊಸ ಅರ್ಥದಲ್ಲಿ ಕಾಣಿಸಿಕೊಂಡಿತು. 'ಮೀಸಲು' ಪದದ ಕಡೆಯಿಂದ ನೋಡಿದರೆ ಈ ಗೊಂದಲವೇ ಹುಟ್ಟಬೇಕಾಗಿರಲಿಲ್ಲ. ಮೀಸಲು ಮನೆಯ ಊಟದಲ್ಲಿ ಮಾಡಿಕೊಂಡ ಕಡಿತವಲ್ಲ. ಊಟಕ್ಕೆ ಮೊದಲೇ ಎತ್ತಿಟ್ಟ ಇನ್ನೊಬ್ಬರ ಪಾಲು.

೭

ಈ ವಿವೇಚನೆಯ ಪ್ರಾಯೋಗಿಕ ಪರಿಣಾಮ ಕಾಣುವುದು ಭರ್ತಿಯಾಗದ ಹುದ್ದೆಗಳ ವಿಷಯದಲ್ಲಿ. ವರ್ಷ ವರ್ಷ ಖಾಲಿ ಉಳಿಯುವ ಮೀಸಲು ಹುದ್ದೆಗಳಿಗೆ ನಮ್ಮ ಆಡಳಿತಭಾಷೆಯಲ್ಲಿ 'ಬ್ಯಾಕ್‌ಲಾಗ್' ಎಂಬ ಹೆಸರಿದೆ. ಅವನ್ನು ಮುಂದಿನ ವರ್ಷಗಳಿಗೆ ಪ್ರತ್ಯೇಕ ವರ್ಗವಾಗಿ ಒಯ್ಯಲು ೨೦೦೦ದ ೮೧ನೆಯ ತಿದ್ದುಪಡಿ ಅವಕಾಶ ಕಲ್ಪಿಸಿತು. ಇಂಗ್ಲಿಷಿನ ತರ್ಕದಲ್ಲಿ ಹುದ್ದೆಯನ್ನು ಬೇರೆಯಿಟ್ಟೊಡನೆ 'ರಿಸರ್ವೇಷನ್' ಆಗಿಹೋಯಿತು. ತುಂಬುವುದು ಬೇರೊಂದು ಕೆಲಸ, ಬಾಕಿ ಉಳಿದರೆ ಅದು ಲೆಕ್ಕದ ಬಾಬತ್ತು. ಕನ್ನಡದ ತರ್ಕದಲ್ಲಿ ಸಲ್ಲದ ಮೀಸಲು ಮೀಸಲೇ ಅಲ್ಲ. ಇರಿಸಿದ್ದೇವೆ ಎಂಬ ಹೇಳಿಕೆ ಅಲ್ಲಿ ಉತ್ತರವಾಗದು. ಸಲ್ಲಿಸಿದಿರಾ ಎಂಬುದೇ ಪ್ರಶ್ನೆ. ಲಿಯರನ ಸರದಾರರು ಒಬ್ಬೊಬ್ಬರಾಗಿ ಕರಗಿದ್ದು ಎಣಿಕೆಯ ವಾದದಿಂದ; ಖಾಲಿ ಬಿದ್ದ ಹುದ್ದೆಗಳು ಕರಗುವುದು ವಾದವೂ ಇಲ್ಲದೆ, ಕಾಯುವವರಿಲ್ಲದೆ. ಹಾಗಾಗಿ ಮೀಸಲಿಗೂ ಕಾವಲು ಬೇಕು. 'ಮೀಸಲು' ಒಡೆತನವನ್ನು ಹೇಳುತ್ತದೆ, 'ಕಾಯ್ದಿರಿಸು' ರಕ್ಷಣೆಯನ್ನು ಹೇಳುತ್ತದೆ. ಒಂದಿಲ್ಲದೆ ಇನ್ನೊಂದು ಅಪೂರ್ಣ.

ಮನುಷ್ಯಸ್ವಭಾವವನ್ನು ಸೂಚಿಸುವ ಅರ್ಥದಲ್ಲಿಯೂ ಇದೇ ಸೂಕ್ಷ್ಮವಿದೆ. ಜೇನ್ ಆಸ್ಟಿನ್‌ಳ 'ಎಮ್ಮಾ' ಕಾದಂಬರಿಯ ಜೇನ್ ಫೇರ್‌ಫ್ಯಾಕ್ಸ್ ತನ್ನ ಮನಸ್ಸನ್ನು ಯಾರಿಗೂ ತೆರೆಯದವಳು. ಅವಳ 'ರಿಸರ್ವ್' ಎಮ್ಮಾಳಿಗೆ ತಣ್ಣನೆಯ ಬಿಗುಮಾನವಾಗಿ ಕಾಣುತ್ತದೆ. ಅವಳು ಗುಟ್ಟಾದ ವಿವ���ಹನಿಶ್ಚಯವೊಂದನ್ನು ಕಾಯುತ್ತಿದ್ದಳೆಂಬುದು ಆಮೇಲೆ ತಿಳಿಯುತ್ತದೆ. ಹೊರಗಿನವರಿಗೆ ತಡೆಯಾಗಿ ಕಂಡದ್ದು ಒಳಗೆ ಒಬ್ಬರಿಗಾಗಿ ಇರಿಸಿದ್ದಾಗಿತ್ತು. ಯಾರಿಗಾಗಿ ಎಂಬುದು ತಿಳಿಯದವರೆಗೆ ಪ್ರತಿಯೊಂದು ಇರಿಸುವಿಕೆಯೂ ಹೊರಗೆ ನಿಂತವರಿಗೆ ಕೇವಲ ನಿರಾಕರಣೆಯಾಗಿ ತೋರುತ್ತದೆ.

ನಮ್ಮ ಇಂಗ್ಲಿಷ್-ಕನ್ನಡ ನಿಘಂಟುಗಳು 'ರಿಸರ್ವ್' ಪದದ ಮುಂದೆ ಮೀಸಲಿಡು, ಕಾಯ್ದಿರಿಸು, ಉಳಿಸಿಕೊ ಎಂಬ ಪರ್ಯಾಯಗಳನ್ನು ಅಲ್ಪವಿರಾಮಗಳಿಂದ ಸಾಲಾಗಿ ಜೋಡಿಸುವುದು ರೂಢಿ. ಅವು ಪರ್ಯಾಯಗಳಲ್ಲ. ತನಗಾಗಿ ಇರಿಸಿದ್ದು ಉಳಿಸಿಕೊಂಡದ್ದು; ಮುಂದಿನ ಹೊತ್ತಿಗಾಗಿ ಇರಿಸಿದ್ದು ಕಾಯ್ದಿರಿಸಿದ್ದು; ಮತ್ತೊಬ್ಬರಿಗೆ ಸಲ್ಲಬೇಕಾದದ್ದೆಂದು ಇರಿಸಿದ್ದು ಮೀಸಲು. ಮುಂದಿನ ನಿಘಂಟುಕಾರರೂ ಆಡಳಿತ ಪದಕೋಶಗಳ ಸಂಪಾದಕರೂ ಈ ಮೂರನ್ನು ಬೇರೆ ಬೇರೆ ಅರ್ಥಘಟಕಗಳಾಗಿ, ಉದಾಹರಣೆಗಳೊಡನೆ ನಮೂದಿಸುವುದು ಅಗತ್ಯ. ಅದು ಭಾಷೆಯ ಅಚ್ಚುಕಟ್ಟಿಗಾಗಿ ಮಾತ್ರ ಬೇಕಾದುದಲ್ಲ. ಮೀಸಲಾತಿಯನ್ನು ತಮ್ಮಿಂದ ತಡೆಹಿಡಿದದ್ದೆಂದು ಭಾವಿಸುವವರೂ ಅದನ್ನು ತಾವು ದಯೆಯಿಂದ ಕೊಟ್ಟದ್ದೆಂದು ತಿಳಿಯುವವರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ: ಎರಡು ಕಡೆಯವರೂ ಆ ಪಾಲು ಮೊದಲು ತಮ್ಮದಾಗಿತ್ತೆಂದು ನಂಬಿದ್ದಾರೆ. ಗಡಿಗೆ ಮನೆಯದಾದರೂ ಮೀಸಲು ಹಾಲು ಮನೆಯವರದಲ್ಲ ಎಂಬ ತಿಳಿವಳಿಕೆ ಕನ್ನಡದ ಪದದಲ್ಲಿ ಬಹುಕಾಲದಿಂದ ಇದೆ.